ಕೊಡಗಿನ ಕಾಫಿ ಈಜಿಪ್ಟಿಗೆ ಕಳಿಸೋದು ಹೇಗೆ? ಕಾಗದ ಸುಲಭ, ದುಡ್ಡು ವಾಪಸ್ ಬರೋದೇ ಕೆಲಸ

ಎಕ್ಸ್‌ಪೋರ್ಟ್ ಅಂದ ತಕ್ಷಣ ಗೋಣಿಕೊಪ್ಪದಲ್ಲಿ ಯಾರನ್ನ ಕೇಳಿದ್ರೂ ಇಟಲಿ, ಜರ್ಮನಿ ಅಂತಾರೆ. ಸುಳ್ಳಲ್ಲ, ನಮ್ಮ ಕಾಫಿ ಜಾಸ್ತಿ ಹೋಗೋದು ಯುರೋಪಿಗೇ. ಆದ್ರೆ ಕಾಡು ಕಡಿದು ಬೆಳೆದಿದ್ದಲ್ಲ ಅಂತ ತೋಟದ ಲೊಕೇಶನ್ ಸಮೇತ ತೋರಿಸ್ಬೇಕು ಅನ್ನೋ ಕಾನೂನನ್ನ ಅವ್ರು 2023ರಲ್ಲಿ ತಂದಿಟ್ಟಿದಾರೆ, ಅದರ ಡೇಟ್ ಮುಂದೆ ಹೋಗ್ತಾ ಇದೆ ಅಷ್ಟೇ. ಅದಕ್ಕೇ ಈಜಿಪ್ಟ್, ಜೋರ್ಡಾನ್, ಟರ್ಕಿ ಕಡೆನೂ ಒಂದು ಕಣ್ಣಿಟ್ಟಿರಿ. ಅಲ್ಲೂ ಕಾಫಿ ಕುಡಿಯೋ ಜನ ಕಮ್ಮಿ ಇಲ್ಲ.

ಮೊದಲು ಮಾಲು ಎಷ್ಟಿದೆ ನೋಡ್ಕೊಳ್ಳಿ. 20 ಅಡಿ ಕಂಟೈನರ್‌ಗೆ 60 ಕೆಜಿಯ 320 ಚೀಲ, ಅಂದ್ರೆ 19.2 ಟನ್ ಕ್ಲೀನ್ ಕಾಫಿ (ಸಿಪ್ಪೆ ತೆಗೆದ, ಹುರಿಯದ ಬೀಜ) ಬೇಕು, ಐದೆಕರೆ ತೋಟ ಇರೋರು ಒಬ್ರೇ ತುಂಬಿಸೋ ಮಾತೇ ಇಲ್ಲ. ಎಫ್‌ಪಿಒ (ರೈತರೇ ಸೇರಿ ಮಾಡ್ಕೊಂಡ ಕಂಪನಿ) ಮೂಲಕವೋ ಅಕ್ಕಪಕ್ಕದವರು ಸೇರಿಯೋ ಮಾಡ್ಬೇಕು. ಸೇರಿಸೋವಾಗ ಹುಷಾರು, ಒಬ್ರು ಸಿಮೆಂಟ್ ಕಣದಲ್ಲಿ ಒಣಗಿಸಿರ್ತಾರೆ, ಇನ್ನೊಬ್ರು ಮಣ್ಣಿನ ಮೇಲೆ ಹರಡಿರ್ತಾರೆ, ಎರಡೂ ಬೆರೆತ್ರೆ ಕಪ್ಪಲ್ಲಿ ಮಣ್ಣಿನ ವಾಸನೆ ಬಂದೇ ಬರುತ್ತೆ. ಮಾಯಿಶ್ಚರ್ 12.5 ಪರ್ಸೆಂಟ್ ದಾಟಬಾರದು. ಸಿಪ್ಪೆ ತೆಗೆದು ಗ್ರೇಡ್ ಮಾಡೋ ಕ್ಯೂರಿಂಗ್ ವರ್ಕ್ಸ್‌ಗೆ ಹಾಕೋ ಮೊದಲೇ ಪ್ರತಿಯೊಬ್ಬರ ಚೆರ್ರಿಯ (ಒಣಗಿಸಿದ ಹಣ್ಣು) ಔಟ್‌ಟರ್ನ್, ಅಂದ್ರೆ ಅದರಿಂದ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ, ತೆಗೆಸಿ ಬರೆದಿಟ್ಕೊಳ್ಳಿ, ಆಮೇಲೆ ಪಾಲು ಹಂಚೋವಾಗ ಜಗಳ ಇರಲ್ಲ.

ಕಾಗದದ ಕೆಲಸಕ್ಕೆ ಜನ ಸುಮ್ನೆ ಹೆದರ್ತಾರೆ. ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ವೆಬ್‌ಸೈಟಲ್ಲಿ ಐಇಸಿ (ಎಕ್ಸ್‌ಪೋರ್ಟ್ ಮಾಡೋಕೆ ಬೇಕಾದ ಕೋಡ್) ನಂಬರ್ ತಗೊಳ್ಳಿ, ಫೀಸು 500 ರೂಪಾಯಿ, ವರ್ಷಾ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡೋದು ಮರೀಬೇಡಿ. ಕಾಫಿ ಬೋರ್ಡಲ್ಲಿ ಎಕ್ಸ್‌ಪೋರ್ಟರ್ ಅಂತ ರಿಜಿಸ್ಟರ್ ಆಗ್ಬೇಕು, ಪ್ರತಿ ಲೋಡಿಗೂ ಪರ್ಮಿಟ್, ಸರ್ಟಿಫಿಕೇಟ್ ಆಫ್ ಒರಿಜಿನ್ ಅವರದ್ದೇ. ಎಡಿ ಕೋಡನ್ನ (ವಿದೇಶಿ ದುಡ್ಡು ತಗೊಳ್ಳೋ ನಿಮ್ಮ ಬ್ಯಾಂಕಿನ ನಂಬರ್) ಬಂದರಿನ ಕಸ್ಟಮ್ಸಲ್ಲಿ ರಿಜಿಸ್ಟರ್ ಮಾಡಿಸೋದು, ಮಾಲಲ್ಲಿ ಹುಳ, ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟು, ಇದನ್ನೆಲ್ಲ ಕ್ಲಿಯರಿಂಗ್ ಏಜೆಂಟ್ ನೋಡ್ಕೊಳ್ತಾರೆ. ಈಜಿಪ್ಟಿಗಾದ್ರೆ ಇನ್ನೊಂದಿದೆ, 2021ರಿಂದ ಹಡಗಲ್ಲಿ ಹೋಗೋ ಮಾಲಿಗೆ ಅಲ್ಲಿಯ ಖರೀದಿದಾರ ಮೊದಲೇ ಎಸಿಐಡಿ ಅನ್ನೋ ಅಲ್ಲಿಯ ಕಸ್ಟಮ್ಸ್ ನಂಬರ್ ತೆಗೆದು ಕಳಿಸ್ಬೇಕು, ಅದು ಕೈಗೆ ಬರದೆ ಲೋಡ್ ಮಾಡ್ಲೇಬೇಡಿ.

(ಮೆಣಸೂ ಕಳಿಸೋಣ ಅಂತೀರಾ? ಅದಕ್ಕೆ ಸ್ಪೈಸಸ್ ಬೋರ್ಡ್ ರಿಜಿಸ್ಟ್ರೇಷನ್ ಬೇರೆನೇ ಬೇಕು, ಜೊತೆಗೆ ವಿಯೆಟ್ನಾಂ ರೇಟಿನ ಮುಂದೆ ನಮ್ಮದು ನಿಲ್ಲೋದು ಕಷ್ಟ. ಊರಲ್ಲೇ ಮಾರಿ.)

ಖರೀದಿದಾರ ಸಿಕ್ಕಿದ ಅಂದ್ಕೊಳ್ಳಿ. ಸ್ಯಾಂಪಲ್ ಕೊರಿಯರ್ ಮಾಡೋವಾಗ ಅದೇ ಲಾಟಿನ ಇನ್ನೊಂದು ಪ್ಯಾಕೆಟ್ ಸೀಲ್ ಮಾಡಿ ನಿಮ್ಮ ಹತ್ರ ಇಟ್ಕೊಳ್ಳಿ, ನಾಳೆ ಕ್ವಾಲಿಟಿ ತಕರಾರು ಎದ್ರೆ ತೋರಿಸೋಕೆ ಅದೊಂದೇ ಇರೋದು. ಅವ್ರು ಸಾಮಾನ್ಯವಾಗಿ ಕೇಳೋದು ಕ್ಯಾಶ್ ಅಗೇನ್ಸ್ಟ್ ಡಾಕ್ಯುಮೆಂಟ್ಸ್, ಅಂದ್ರೆ ಮಾಲು ಹೋಗುತ್ತೆ, ಕಾಗದ ಬ್ಯಾಂಕ್ ಮೂಲಕ ಹೋಗುತ್ತೆ, ದುಡ್ಡು ಕಟ್ಟಿ ಕಾಗದ ಬಿಡಿಸ್ಕೊಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಅಷ್ಟರಲ್ಲಿ ಕಾಫಿ ರೇಟು ಬಿದ್ರೆ ಕೆಲವ್ರು ಕಾಗದ ಬಿಡಿಸೋಕೇ ಬರಲ್ಲ, ಕಂಟೈನರ್ ಅಲ್ಲಿಯ ಪೋರ್ಟಲ್ಲಿ ಕೂತು ದಿನಕ್ಕಿಷ್ಟು ಅಂತ ಬಾಡಿಗೆ ಏರ್ತಾ ಇರುತ್ತೆ, ಕೊನೆಗೆ ಅವ್ರೇ ಫೋನ್ ಮಾಡಿ ಡಿಸ್ಕೌಂಟ್ ಕೇಳ್ತಾರೆ. ಖರೀದಿದಾರ ಒಳ್ಳೆಯವನಾದ್ರೂ ದೇಶದಲ್ಲೇ ಡಾಲರ್ ಇಲ್ದೆ ಇರಬಹುದು, 2024ರ ಮಾರ್ಚಲ್ಲಿ ಈಜಿಪ್ಟ್ ತನ್ನ ಪೌಂಡನ್ನ ಮಾರ್ಕೆಟ್ ರೇಟಿಗೆ ಬಿಡೋ ಮುಂಚೆ ಅಲ್ಲಿ ಇಂಪೋರ್ಟರ್‌ಗಳಿಗೆ ಬ್ಯಾಂಕಲ್ಲಿ ಡಾಲರ್ ಸಿಗೋದೇ ದೊಡ್ಡ ಪಾಡಾಗಿತ್ತು. ನನ್ನ ಮಾತು ಕೇಳೋದಾದ್ರೆ ಮೊದಲನೇ ಲೋಡಿಗೆ ಒಂದೋ ಕೈತುಂಬ ಅಡ್ವಾನ್ಸ್ ತಗೊಳ್ಳಿ, ಇಲ್ಲಾಂದ್ರೆ ಬೇರೆ ಒಳ್ಳೆ ಬ್ಯಾಂಕ್ ಕನ್ಫರ್ಮ್ ಮಾಡಿದ ಎಲ್‌ಸಿ (ಕಾಗದ ಸರಿಯಿದ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕೇ ಬರೆದುಕೊಡೋ ಪತ್ರ) ಕೇಳಿ. ಎರಡೂ ಆಗಲ್ಲ ಅಂದ್ರೆ ಕೈ ಬಿಡಿ, ಕುಶಾಲನಗರದಲ್ಲಿ ಮಾರಿದ್ರೆ ಏನೂ ಕಳ್ಕೊಳ್ಳಲ್ಲ. ಅಗ್ರಿಮೆಂಟಿಗೆ ಮುಂಚೆ ಎಕ್ಸ್‌ಪೋರ್ಟ್ ದುಡ್ಡಿಗೆ ಇನ್ಶೂರೆನ್ಸ್ ಮಾಡೋ ಸರ್ಕಾರಿ ಕಂಪನಿ ಇಸಿಜಿಸಿಯ ಆಫೀಸಲ್ಲಿ ಆ ದೇಶಕ್ಕೆ, ಆ ಖರೀದಿದಾರನಿಗೆ ಇನ್ಶೂರೆನ್ಸ್ ಕೊಡ್ತಾರಾ ಕೇಳಿ. ಅವ್ರು ಹಿಂದೆ ಮುಂದೆ ನೋಡಿದ್ರೆ ನಿಮಗೆ ಉತ್ತರ ಸಿಕ್ಕಿತು ಅಂತ.

ಲೋಡಿಂಗ್ ದಿನ ನೀವೇ ಹೋಗಿ ನಿಂತ್ಕೊಳ್ಳಿ. ಖಾಲಿ ಕಂಟೈನರ್ ಒಳಗೆ ಒಬ್ರನ್ನ ನಿಲ್ಲಿಸಿ, ಹೊರಗೂ ಒಬ್ರು ಕಾಯ್ತಾ ಇರ್ಲಿ, ಬಾಗಿಲು ಹಾಕ್ಸಿ. ಎಲ್ಲಾದ್ರೂ ಸೂಜಿ ಮೊನೆಯಷ್ಟು ಬೆಳಕು ಕಂಡ್ರೆ ಅಲ್ಲಿಂದ ನೀರೂ ಬರುತ್ತೆ, ಬೇರೆ ಕಂಟೈನರ್ ಕೇಳಿ. ಮೂಸಿನೂ ನೋಡಿ, ಹಿಂದೆ ಚರ್ಮವೋ ಕೆಮಿಕಲ್ಲೋ ಹೋಗಿದ್ರೆ ಕಾಫಿ ಆ ವಾಸನೆ ಹಿಡ್ಕೊಂಡ್ಬಿಡುತ್ತೆ. ಗೋಡೆಗೆಲ್ಲ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರೋ ಬ್ಯಾಗ್ ನೇತುಹಾಕ್ಸಿ. ಹಡಗಲ್ಲಿ ಹಗಲು ಕಾದು ರಾತ್ರಿ ತಣ್ಣಗಾದಾಗ ಕಂಟೈನರ್ ಮೇಲ್ಛಾವಣಿ ಬೆವರಿ ಮೇಲಿನ ಚೀಲಕ್ಕೆ ತೊಟ್ಟಿಕ್ಕುತ್ತೆ, ಬೂಸ್ಟು ಶುರುವಾಗೋದೇ ಅಲ್ಲಿಂದ.

ಮಂಗಳೂರು ನಮಗೆ ಹತ್ರ, ಆದ್ರೆ ಮಳೆಗಾಲದಲ್ಲಿ ಸಂಪಾಜೆ ಘಾಟಿ ನಂಬೋಕಾಗಲ್ಲ, 2018ರಲ್ಲಿ ಗುಡ್ಡ ಕುಸಿದಿದ್ದು ನೆನಪಿದೆಯಲ್ಲ. ಕೊಚ್ಚಿ ರೇಟನ್ನೂ ಕೇಳಿಟ್ಕೊಳ್ಳಿ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ಹಡಗುಗಳ ಮೇಲೆ ದಾಳಿ ಶುರುವಾದ್ಮೇಲೆ ಎಷ್ಟೋ ಹಡಗು ಆಫ್ರಿಕಾ ಸುತ್ತಿ ಹೋದ್ವು, ಬಾಡಿಗೆನೂ ಏರಿತು. ಅದಕ್ಕೇ ರೇಟು ಎಫ್‌ಒಬಿ (ಮಾಲು ಹಡಗಿಗೆ ಏರಿಸೋವರೆಗಿನ ಖರ್ಚು ಮಾತ್ರ ನಮ್ಮದು) ಲೆಕ್ಕದಲ್ಲೇ ಮಾತಾಡಿ, ಹಡಗಿನ ಬಾಡಿಗೆ ಖರೀದಿದಾರನ ತಲೆನೋವು.

ದುಡ್ಡು ಬಂದ್ಮೇಲೆ ಡಿಜಿಎಫ್‌ಟಿ ವೆಬ್‌ಸೈಟಲ್ಲಿ ಇ-ಬಿಆರ್‌ಸಿ (ಎಕ್ಸ್‌ಪೋರ್ಟ್ ದುಡ್ಡು ಬಂತು ಅನ್ನೋ ಸರ್ಟಿಫಿಕೇಟ್) ಮಾಡ್ಕೊಳ್ಳಿ. ಮಾಲು ಕಳಿಸೋವಾಗ ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್ಲಿನ ಎದುರಿಗೆ ದುಡ್ಡು ಬಂದಿದೆ ಅಂತ ಬ್ಯಾಂಕಲ್ಲಿ ಎಂಟ್ರಿ ಆಗಿದೆಯಾ ಅದನ್ನೂ ನೋಡಿ. ಅದಾದ್ಮೇಲೆ ಔಟ್‌ಟರ್ನ್ ಚೀಟಿ ತೆಗೆದು ಪಾಲು ಹಂಚಿ.