ರೊಟ್ಟಿ ಅಂಗಡಿಗೆ ಪೇಮೆಂಟ್ ಗೇಟ್‌ವೇ ಜೋಡಿಸಿದ ನನ್ನ ಅನುಭವ

ಕಲಬುರಗಿಯ ಬ್ರಹ್ಮಪುರದಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಹಿಂಡಿ ಎಂದರೆ ಚಟ್ನಿಪುಡಿ) ಮತ್ತು ತೊಗರಿ ಬೇಳೆ ಮಾರುವ ಒಂದು ಮನೆ ಅಂಗಡಿಯಿದೆ. ಅದನ್ನು ನಡೆಸುವವರನ್ನು ಓಣಿಯವರೆಲ್ಲ ಅಕ್ಕ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಪುಣೆ, ಹೈದರಾಬಾದ್, ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಭಾಗದವರು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹೇಳಿ, ಯುಪಿಐಯಲ್ಲಿ ಹಣ ಹಾಕಿ, ಸ್ಕ್ರೀನ್‌ಶಾಟ್ ಕಳುಹಿಸುತ್ತಿದ್ದರು. ದಿನಕ್ಕೆ ಐದಾರು ಆರ್ಡರ್ ಇರುವವರೆಗೆ ಇದು ನಡೆಯಿತು. ಒಂದು ದೀಪಾವಳಿಯಲ್ಲಿ ಯಾರ ಸ್ಕ್ರೀನ್‌ಶಾಟ್ ಯಾವ ಪಾರ್ಸೆಲ್‌ನದು ಎಂಬುದೇ ತಿಳಿಯದಂತಾದಾಗ, ವೆಬ್‌ಸೈಟ್ ಮಾಡಿಕೊಡು ಎಂದು ಅಕ್ಕ ನನ್ನನ್ನು ಕರೆದರು. ಶಾಲೆ, ಆಸ್ಪತ್ರೆಗಳ ವೆಬ್‌ಸೈಟ್ ಮಾಡಿ ಅಭ್ಯಾಸವಿದ್ದ ನಾನು ಹಣದ ವ್ಯವಹಾರವಿರುವ ಕೆಲಸವನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಮೊದಲ ತೊಡಕು ಕೋಡ್ ಬರೆಯುವ ಮೊದಲೇ ಬಂತು. ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ಅಂಗಡಿಯ ಬ್ಯಾಂಕ್ ಖಾತೆಗೆ ತಲುಪಿಸುವ ಸೇವೆಯೇ ಪೇಮೆಂಟ್ ಗೇಟ್‌ವೇ. ಅದರ ಖಾತೆ ತೆರೆಯಲು ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಬೇಕು. ವೆಬ್‌ಸೈಟ್‌ನಲ್ಲಿ ಹಣ ಮರುಪಾವತಿ, ಸಾಗಣೆ ಮತ್ತು ಖಾಸಗಿತನದ ನಿಯಮಗಳ ಪುಟಗಳೂ ಸಂಪರ್ಕದ ವಿಳಾಸವೂ ಇರಬೇಕು. ಅಕ್ಕನ ಒಂದು ದಾಖಲೆಯಲ್ಲಿ ಊರು ಗುಲ್ಬರ್ಗಾ, ಇನ್ನೊಂದರಲ್ಲಿ ಕಲಬುರಗಿ. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಕಾಗದಗಳು ಬದಲಾಗಲಿಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಗುಲ್ಬರ್ಗಾ ಎಂಬ ಹೆಸರಿನಲ್ಲಿಯೇ. ಎಲ್ಲೋ ಕುಳಿತು ದಾಖಲೆ ಪರಿಶೀಲಿಸುವವರಿಗೆ ಇವು ಎರಡು ಊರುಗಳಾಗಿ ಕಂಡು ಅರ್ಜಿ ಎರಡು ಸಲ ಹಿಂದಿರುಗಿತು. ಎರಡೂ ವಿಳಾಸಗಳಲ್ಲಿರುವ ಪಿನ್‌ಕೋಡ್ ಒಂದೇ ಎಂದು ಪತ್ರ ಬರೆದ ಮೇಲೆ ಒಪ್ಪಿದರು. ಕೊರಿಯರ್ ಸೇವೆಯ ಎಪಿಐ (ಅವರ ಸರ್ವರ್‌ನೊಂದಿಗೆ ನಮ್ಮ ಕೋಡ್ ಮಾತನಾಡುವ ದಾರಿ) ಕೂಡ ಊರನ್ನು ಹಳೆಯ ಹೆಸರಿನಲ್ಲೇ ಕೊಡುತ್ತಿತ್ತು. ಹಾಗಾಗಿ ಊರಿನ ಹೆಸರನ್ನು ಹೋಲಿಸುವುದನ್ನು ಬಿಟ್ಟು, ಪಿನ್‌ಕೋಡನ್ನು ಮಾತ್ರ ನಂಬುವಂತೆ ಬರೆದೆ.

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನನ್ನ ಮೊದಲ ಜೋಡಣೆ ಎರಡೇ ದಿನದಲ್ಲಿ ಮುಗಿದಿತ್ತು. ಗ್ರಾಹಕರು ಹಣ ಕಟ್ಟಿದ ಮೇಲೆ ಗೇಟ್‌ವೇ ಅವರ ಬ್ರೌಸರನ್ನು ನಮ್ಮ ‘ಧನ್ಯವಾದ’ ಪುಟಕ್ಕೆ ಮರಳಿಸುತ್ತದೆ. ಆ ಪುಟ ತೆರೆದ ಕೂಡಲೇ ಆರ್ಡರ್ ಮುಂದೆ ‘ಹಣ ಬಂದಿದೆ’ ಎಂದು ಬರೆಯುವಂತೆ ಮಾಡಿದ್ದೆ. ನಿಜವಾದ ಹಣವಿಲ್ಲದೆ ಪರೀಕ್ಷಿಸುವ ಟೆಸ್ಟ್ ಮೋಡ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಒಪ್ಪಿಸುವ ಹಿಂದಿನ ದಿನ ಗೆಳೆಯನೊಬ್ಬನಿಗೆ ತೋರಿಸಿದಾಗ, ಅವನು ಬೇಳೆಯ ಆರ್ಡರ್ ಒಂದನ್ನು ಹಾಕಿ, ಹಣದ ಪುಟದಲ್ಲಿ ನಿಂತು, ಧನ್ಯವಾದ ಪುಟದ ವಿಳಾಸವನ್ನು ಕೈಯಿಂದಲೇ ಟೈಪ್ ಮಾಡಿದ. ಒಂದು ಪೈಸೆಯನ್ನೂ ಕೊಡದೆ ಐದು ಕಿಲೋ ಬೇಳೆ ಅವನ ಪಾಲಿಗೆ ಬಂದಿತ್ತು. ಆಮೇಲೆ ಬ್ರೌಸರ್‌ನಿಂದ ಹೋಗುತ್ತಿದ್ದ ಮೊತ್ತವನ್ನು ತಿದ್ದಿ, ಅಷ್ಟೇ ಬೇಳೆಯನ್ನು ಒಂದು ರೂಪಾಯಿಗೆ ಕೊಂಡು ತೋರಿಸಿದ. ಬೆಲೆಯನ್ನು ಗ್ರಾಹಕರ ಬ್ರೌಸರ್‌ನಿಂದ ತೆಗೆದುಕೊಳ್ಳುವುದೆಂದರೆ, ಅಂಗಡಿಗೆ ಬಂದವರ ಕೈಗೇ ತಕ್ಕಡಿಯನ್ನೂ ಗಲ್ಲಾಪೆಟ್ಟಿಗೆಯನ್ನೂ ಕೊಟ್ಟಂತೆ ಎಂಬುದು ನನಗೆ ಆ ಸಂಜೆ ಅರ್ಥವಾಯಿತು.

ಕೆಲಸವನ್ನು ಹೊಸದಾಗಿ ಆರಂಭಿಸಿದೆ. ಈಗ ಗ್ರಾಹಕರ ಬ್ರೌಸರ್ ನಮಗೆ ಕಳುಹಿಸುವುದು ಯಾವ ಪದಾರ್ಥ, ಎಷ್ಟು ಎಂಬುದನ್ನು ಮಾತ್ರ. ಮೊತ್ತವನ್ನು ನಮ್ಮ ಸರ್ವರ್ ತನ್ನ ಡೇಟಾಬೇಸ್‌ನಿಂದ ಲೆಕ್ಕ ಹಾಕಿ, ಗೇಟ್‌ವೇಯೊಂದಿಗೆ ನೇರವಾಗಿ ಮಾತನಾಡಿ ಒಂದು ಆರ್ಡರ್ ಸಂಖ್ಯೆ ಪಡೆಯುತ್ತದೆ. ಹಣ ಕಟ್ಟಿದ ಮೇಲೆ ಬರುವ ಉತ್ತರದಲ್ಲಿ ಒಂದು ಸಹಿ ಇರುತ್ತದೆ. ಆರ್ಡರ್ ಸಂಖ್ಯೆ ಮತ್ತು ಪಾವತಿ ಸಂಖ್ಯೆಗಳನ್ನು ಜೋಡಿಸಿ, ನಮಗೂ ಗೇಟ್‌ವೇಗೂ ಮಾತ್ರ ಗೊತ್ತಿರುವ ಗುಪ್ತ ಕೀ ಬಳಸಿ ಲೆಕ್ಕ ಹಾಕಿದರೆ ಅದೇ ಸಹಿ ಬರಬೇಕು. ಬಾರದಿದ್ದರೆ ಆ ಉತ್ತರ ಸುಳ್ಳು. ಈ ಕೀಯನ್ನು ಬ್ರೌಸರ್‌ಗೆ ಹೋಗುವ ಕೋಡ್‌ನಲ್ಲಾಗಲಿ, ಆ್ಯಪ್‌ನ ಒಳಗಾಗಲಿ ಇಡಲೇಬಾರದು.

ಇಲ್ಲೊಂದು ಸಣ್ಣ ತಪ್ಪು ನನ್ನ ಒಂದು ದಿನ ನುಂಗಿತು. ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಕೊಡಬೇಕು. ಮಾಲ್‌ನವರಂತೆ ಇರಲಿ ಎಂದು ಹಿಂಡಿಯ ಸಣ್ಣ ಪೊಟ್ಟಣಕ್ಕೆ ₹19.99 ಬೆಲೆ ಇಡಿಸಿದವನು ನಾನೇ. ದಶಮಾಂಶ ಸಂಖ್ಯೆಗಳನ್ನು ಕಂಪ್ಯೂಟರ್ ದ್ವಿಮಾನದಲ್ಲಿ, ಅಂದರೆ 0 ಮತ್ತು 1ರಲ್ಲಿ, ಸರಿಸುಮಾರಾಗಿ ಇಟ್ಟುಕೊಳ್ಳುವುದರಿಂದ 19.99ನ್ನು 100ರಿಂದ ಗುಣಿಸಿದರೆ 1998.9999999999998 ಬರುತ್ತದೆ, ಅದನ್ನು ಪೂರ್ಣಾಂಕ ಮಾಡಿದಾಗ ಉಳಿಯುವುದು 1998. ಪರೀಕ್ಷೆಯಲ್ಲಿ ಕಟ್ಟಿದ್ದು ನಮ್ಮ ಲೆಕ್ಕಕ್ಕಿಂತ ಒಂದು ಪೈಸೆ ಕಡಿಮೆಯಾಗಿ, ಮೊತ್ತ ಹೊಂದುತ್ತಿಲ್ಲವೆಂದು ಆರ್ಡರ್ ತಡೆಯಲ್ಪಡುತ್ತಿತ್ತು. ಡೇಟಾಬೇಸ್‌ನಲ್ಲಿ ಎಲ್ಲ ಬೆಲೆಯನ್ನೂ ಪೈಸೆಯಲ್ಲೇ ಇಟ್ಟೆ. ಪೊಟ್ಟಣದ ಬೆಲೆಯನ್ನು ಅಕ್ಕ ಇಪ್ಪತ್ತು ರೂಪಾಯಿ ಮಾಡಿದರು.

ಇಷ್ಟಾದ ಮೇಲೆ ಲೈವ್ ಮೋಡ್‌ಗೆ, ಅಂದರೆ ನಿಜವಾದ ಹಣಕ್ಕೆ, ಹೋದೆವು. ಎರಡನೆಯ ವಾರದಲ್ಲಿ ಬೆಳಿಗ್ಗೆ ಅಕ್ಕನ ಕರೆ ಬಂತು. “ರೊಕ್ಕ ಕಟ್ ಆಗ್ಯಾವ ಅಂತ ಪುಣೆಯವ್ರು ಅಂತಾರ, ನಿನ್ನ ಕಂಪ್ಯೂಟರ್‌ನ್ಯಾಗ ಬಂದಿಲ್ಲಂತ ತೋರಸ್ತದ. ಯಾರ ಮಾತು ನಂಬ್ಲಿ ತಮ್ಮಾ?” ಸರ್ವರ್ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದು ನೋಡಿದಾಗ ವಿಷಯ ತಿಳಿಯಿತು. ಅವರು ನಮ್ಮ ಪುಟದಿಂದ ಯುಪಿಐ ಆ್ಯಪ್‌ಗೆ ಹೋಗಿ ಪಿನ್ ಒತ್ತಿದ್ದಾರೆ. ಅಷ್ಟರಲ್ಲಿ ಅವರ ಹಳೆಯ ಫೋನ್, ಮೆಮೊರಿ ಸಾಲದೆ, ಹಿಂದಿದ್ದ ಬ್ರೌಸರನ್ನು ಮುಚ್ಚಿಬಿಟ್ಟಿದೆ. ಹಣ ಹೋಗಿದೆ, ಆದರೆ ನಮ್ಮ ಪುಟಕ್ಕೆ ಮರಳಿ ಬರಲು ಬ್ರೌಸರೇ ಇಲ್ಲ. ಆರ್ಡರ್ ‘ಬಾಕಿ’ ಎಂದೇ ಉಳಿದದ್ದರಿಂದ ಪಾಪ, ಅವರು ಇನ್ನೊಮ್ಮೆ ಕಟ್ಟಿದ್ದರು.

ಬ್ರೌಸರ್ ಮರಳಿ ಬರುವುದು ಸೌಜನ್ಯವೇ ಹೊರತು ರಶೀದಿಯಲ್ಲ. ರಶೀದಿಯ ಕೆಲಸ ಮಾಡುವುದು ವೆಬ್‌ಹುಕ್, ಅಂದರೆ ಗ್ರಾಹಕರ ಫೋನ್ ಮಧ್ಯೆ ಇಲ್ಲದೆ ಗೇಟ್‌ವೇಯ ಸರ್ವರ್ ನಮ್ಮ ಸರ್ವರ್‌ಗೆ ತಾನಾಗಿ ಕಳುಹಿಸುವ ಸುದ್ದಿ. ಅದನ್ನು ನಾನು ‘ಆಮೇಲೆ ನೋಡೋಣ’ ಎಂದು ಬಿಟ್ಟಿದ್ದೆ. ಅಂದೇ ಎರಡನೆಯ ಪಾವತಿಯನ್ನು ಮರಳಿಸಿ, ವೆಬ್‌ಹುಕ್ ಬರೆಯಲು ಕುಳಿತೆ.

ಪರೀಕ್ಷೆಯಲ್ಲಿ ಅದೂ ಸರಿಯಿತ್ತು. ಲೈವ್‌ನಲ್ಲಿ ಮಾತ್ರ ಕೆಲವು ಆರ್ಡರ್‌ಗಳ ಸಹಿ ಹೊಂದುತ್ತಿತ್ತು, ಕೆಲವುಗಳದು ಹೊಂದುತ್ತಿರಲಿಲ್ಲ. ಕೀ ಬದಲಿಸಿದೆ, ಸರ್ವರ್ ಬದಲಿಸಿದೆ, ಎರಡು ರಾತ್ರಿ ಕಳೆದವು. ಕೊನೆಗೆ ಹೊಂದದ ಆರ್ಡರ್‌ಗಳನ್ನೆಲ್ಲ ಒಂದೆಡೆ ಸಾಲಾಗಿಟ್ಟು ನೋಡಿದರೆ, ಅವುಗಳಲ್ಲಿ ಗ್ರಾಹಕರು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ನಾನು ಬಂದ ಜೇಸನ್ ಪಠ್ಯವನ್ನು (ಸರ್ವರ್‌ಗಳು ಮಾಹಿತಿ ಕಳುಹಿಸುವ ಒಂದು ಬರಹದ ರೂಪ) ಮೊದಲು ಬಿಡಿಸಿ, ಮತ್ತೆ ಜೋಡಿಸಿ, ಆ ಮರುಜೋಡಣೆಯ ಮೇಲೆ ಸಹಿ ಲೆಕ್ಕ ಹಾಕುತ್ತಿದ್ದೆ. ಪಿಎಚ್‌ಪಿ ಹಾಗೆ ಜೋಡಿಸುವಾಗ, ಬೇರೆ ಸೂಚನೆ ಕೊಡದಿದ್ದರೆ, ‘ಕ’ ಎಂಬ ಒಂದು ಅಕ್ಷರವನ್ನು ಆರು ಗುರುತುಗಳ ಯೂನಿಕೋಡ್ ಸಂಕೇತವಾಗಿ ಬರೆಯುತ್ತದೆ. ಓರೆಗೆರೆಯ ಹಿಂದೆಯೂ ಒಂದು ಗುರುತು ಸೇರಿಸುತ್ತದೆ. ಅರ್ಥ ಅದೇ ಉಳಿದರೂ ಬೈಟ್‌ಗಳು ಬದಲಾಗಿ ಸಹಿ ಮುರಿಯುತ್ತದೆ. ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷಿಸಿದ್ದ ನನಗೆ ಇದು ಕಾಣುವಂತಿರಲಿಲ್ಲ. ವೆಬ್‌ಹುಕ್‌ನ ಪಠ್ಯ ಹೇಗೆ ಬಂದಿತೋ ಹಾಗೆಯೇ, ಒಂದು ಖಾಲಿ ಜಾಗವನ್ನೂ ಅಲುಗಿಸದೆ, ಅದರ ಮೇಲೆಯೇ ಸಹಿಯನ್ನು ಪರೀಕ್ಷಿಸಿ, ನಂತರವಷ್ಟೇ ಬಿಡಿಸಬೇಕು. ಆಮೇಲಿನ ನನ್ನ ಎಲ್ಲ ಕೆಲಸಗಳಲ್ಲೂ ಮೊದಲ ಪರೀಕ್ಷೆಗೆ ಬಳಸುವ ಕಾಲ್ಪನಿಕ ಗ್ರಾಹಕಿ, ಕನ್ನಡದಲ್ಲಿ ಹೆಸರು ಬರೆಯುವ ಶರಣಮ್ಮ, ಅವಳ ಮನೆ ಸಂಖ್ಯೆಯಲ್ಲಿ ಒಂದು ಓರೆಗೆರೆ ಇದ್ದೇ ಇರುತ್ತದೆ.

ವೆಬ್‌ಹುಕ್ ಒಂದೇ ಸಲ ಬರುತ್ತದೆಂಬ ಭರವಸೆಯೂ ಇಲ್ಲ. ಸುದ್ದಿ ಬಂದ ಕೂಡಲೇ ಕೊರಿಯರ್ ಎಪಿಐಯನ್ನು ಕರೆದು ಪಾರ್ಸೆಲ್‌ಗೆ ಅಂಟಿಸುವ ಚೀಟಿ ಪಡೆದು, ಎಸ್‌ಎಂಎಸ್ ಕಳುಹಿಸಿ, ಆಮೇಲೆ ‘ತಲುಪಿತು’ ಎಂದು ಉತ್ತರಿಸುವಂತೆ ಬರೆದಿದ್ದೆ. ಒಂದು ಮಧ್ಯಾಹ್ನ ಕೊರಿಯರ್ ಸರ್ವರ್ ನಿಧಾನವಾಯಿತು. ನಮ್ಮ ಉತ್ತರ ತಡವಾದ್ದರಿಂದ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಕಳುಹಿಸಿತು. ಒಂದೇ ಆರ್ಡರ್‌ಗೆ ಎರಡು ಚೀಟಿ ಬಂದು, ಐವತ್ತು ರೊಟ್ಟಿಯ ಎರಡು ಡಬ್ಬಿಗಳು ಹೈದರಾಬಾದ್‌ಗೆ ಹೋದವು. ಈಗ ಪ್ರತಿ ಸುದ್ದಿಯ ಗುರುತಿನ ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಬರೆದಿಡುತ್ತೇನೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಡೇಟಾಬೇಸೇ ತಿರಸ್ಕರಿಸುತ್ತದೆ. ಬರೆದು ತಕ್ಷಣ ಉತ್ತರಿಸಿ, ಕೊರಿಯರ್, ಎಸ್‌ಎಂಎಸ್ ಕೆಲಸಗಳನ್ನು ಆಮೇಲೆ ಒಂದೊಂದಾಗಿ ನಡೆಯುವಂತೆ ಕ್ಯೂಗೆ ಹಾಕುತ್ತೇನೆ.

ಎಸ್‌ಎಂಎಸ್‌ಗೆ ಡಿಎಲ್‌ಟಿ ಎಂಬ, ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ಪಠ್ಯದ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಯುವ ಒಂದು ಸಂದೇಶ ಕನ್ನಡದಲ್ಲಿ 70ನ್ನು ಮಾತ್ರ ಹಿಡಿಯುತ್ತದೆ, ಅದರಲ್ಲೂ ಒತ್ತಕ್ಷರ, ಕಾಗುಣಿತಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಆದರೂ ಅಕ್ಕ ಕನ್ನಡವೇ ಇರಲಿ ಎಂದರು. ‘ನಿಮ್ಮ ರೊಟ್ಟಿ ಹೊರಟಿದೆ’ ಎಂಬಷ್ಟಕ್ಕೆ ಇಳಿಸಿದೆ.

ಆ್ಯಪ್‌ನಲ್ಲಿ ಬೇರೆಯೇ ಕಥೆ. ವೆಬ್‌ಸೈಟನ್ನೇ ವೆಬ್‌ವ್ಯೂ (ಆ್ಯಪ್‌ನೊಳಗಿನ ಪುಟ್ಟ ಬ್ರೌಸರ್) ಒಳಗೆ ತೋರಿಸುವ ಸರಳ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೆ. ಯುಪಿಐ ಗುಂಡಿ ಒತ್ತಿದರೆ ಖಾಲಿ ಪುಟ ಬರುತ್ತಿತ್ತು. ವೆಬ್‌ವ್ಯೂಗೆ ಗೊತ್ತಿರುವುದು ಸಾಮಾನ್ಯ ವೆಬ್ ವಿಳಾಸ ಮಾತ್ರ. ಯುಪಿಐ ಎಂದು ಆರಂಭವಾಗುವ ಕೊಂಡಿಯನ್ನು ನಾವೇ ಹಿಡಿದು ಫೋನಿನ ವ್ಯವಸ್ಥೆಗೆ ಒಪ್ಪಿಸಬೇಕು. ಆಂಡ್ರಾಯ್ಡ್ 11ರಿಂದೀಚೆಗೆ, ಫೋನಿನಲ್ಲಿ ಯಾವ ಯಾವ ಯುಪಿಐ ಆ್ಯಪ್‌ಗಳಿವೆ ಎಂದು ಪಟ್ಟಿ ಮಾಡಿ ತೋರಿಸಲು, ಯಾವುದನ್ನು ಹುಡುಕುತ್ತೇವೆ ಎಂಬುದನ್ನು ಆ್ಯಪ್‌ನ ವಿವರಗಳಿರುವ ಮ್ಯಾನಿಫೆಸ್ಟ್ ಕಡತದಲ್ಲಿ ಮೊದಲೇ ಹೇಳಿರಬೇಕು.

ತಿಂಗಳ ಕೊನೆಗೆ ಅಕ್ಕ ತಮ್ಮ ಕೆಂಪು ಬಟ್ಟೆಯ ಖಾತೆ ಪುಸ್ತಕ ತಂದರು. “ಸಾವಿರ ರೂಪಾಯಿಗೆ ಒಂಬೈನೂರ ಎಪ್ಪತ್ತಾರೇ ಯಾಕ ಬಂದದ?” ಆ ಆರ್ಡರ್ ಕಾರ್ಡ್‌ನಲ್ಲಿ ಕಟ್ಟಿದ್ದು. ನಮ್ಮ ಗೇಟ್‌ವೇ ಶುಲ್ಕ ಶೇ. 2, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ; ಸಾವಿರಕ್ಕೆ ₹23.60 ಹೋಗಿ ₹976.40 ಉಳಿಯುತ್ತದೆ. ಅದೂ ಎರಡು ಕೆಲಸದ ದಿನಗಳ ನಂತರ, ಹಲವು ಆರ್ಡರ್‌ಗಳದು ಒಟ್ಟಾಗಿ ಒಂದೇ ಮೊತ್ತವಾಗಿ ಬ್ಯಾಂಕ್‌ಗೆ ಬರುತ್ತದೆ. ಇದನ್ನು ನಾನು ಮೊದಲೇ ಹೇಳದಿದ್ದದ್ದು ತಪ್ಪು. ಅಕ್ಕ ತಾವು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉದ್ರಿ, ರೋಖು, ಬಂದದ್ದು, ಬರಬೇಕಾದದ್ದು ಎಂದು ಸಾಲು ಸಾಲಾಗಿ ತಾಳೆ ನೋಡುವ ಬಗೆಯನ್ನು ತೋರಿಸಿದರು. ನಾನು ಅದನ್ನೇ ಕೋಡ್‌ನಲ್ಲಿ ಬರೆದೆ.

ಈಗ ಹಗಲೆಲ್ಲ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ‘ಬಾಕಿ’ ಉಳಿದ ಆರ್ಡರ್‌ಗಳ ಸ್ಥಿತಿಯನ್ನು ನಮ್ಮ ಸರ್ವರ್ ತಾನೇ ಗೇಟ್‌ವೇಯನ್ನು ಕೇಳಿ ತಿಳಿಯುತ್ತದೆ, ಏಕೆಂದರೆ ನಮ್ಮ ಸರ್ವರ್ ಮಲಗಿದ್ದಾಗ ವೆಬ್‌ಹುಕ್ ಕೂಡ ತಪ್ಪಬಹುದು. ಗ್ರಾಹಕರ ಖಾತೆಯಿಂದ ಯುಪಿಐ ಹಣ ಹೋಗಿ ವ್ಯಾಪಾರಿಗೆ ಖಾತರಿ ಸಿಗದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಎಂಬುದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ನಿಯಮ. ಕರೆ ಮಾಡುವ ಗ್ರಾಹಕರಿಗೆ ಅಕ್ಕ ಇದನ್ನು ಈಗ ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಆರ್ಡರ್, ಗೇಟ್‌ವೇ, ಬ್ಯಾಂಕ್ ಎಂಬ ಮೂರು ಕಾಲಂಗಳ ಪಟ್ಟಿಯೊಂದು ಸಿದ್ಧವಾಗಿ ಅವರ ಫೋನಿಗೆ ಹೋಗುತ್ತದೆ. ಬೆಳಿಗ್ಗೆ ರೊಟ್ಟಿ ಬಡಿಯುವವರು ಬರುವ ಮೊದಲು ಅವರು ಅದನ್ನು ತಮ್ಮ ಖಾತೆ ಪುಸ್ತಕಕ್ಕೆ ಪೆನ್ನಿನಿಂದ ಇಳಿಸಿಕೊಳ್ಳುತ್ತಾರೆ. ಬೇಡ ಅಕ್ಕಾ, ಎಲ್ಲ ಕಂಪ್ಯೂಟರ್‌ನಲ್ಲಿ ಇರುತ್ತದೆ ಎಂದು ನಾನು ಹೇಳುವುದನ್ನು ಬಿಟ್ಟಿದ್ದೇನೆ.