ಹಳೆಯ ಜಪಾನಿ ಖಡ್ಗ ಪರೀಕ್ಷೆ: ಸಹಿಯನ್ನು ಕೊನೆಗೆ ಓದಿ

ಹಳೆಯ ಜಪಾನಿ ಖಡ್ಗ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಹುಡುಕುವುದು ಕಮ್ಮಾರನ ಹೆಸರನ್ನು. ಬಲ್ಲವರು ಅದನ್ನು ಕೊನೆಗೆ ಓದುತ್ತಾರೆ. ಹೆಸರನ್ನು ಯಾರು ಬೇಕಾದರೂ ಕೊರೆಯಬಹುದು. ಆಕಾರ, ಪದರ, ತುಕ್ಕು ಇವನ್ನು ನಕಲು ಮಾಡುವುದು ಕಷ್ಟ.

ಮೊದಲು ಬಿಚ್ಚುವ ಕೆಲಸ. ಬಾಯಿ, ಅಂದರೆ ಅಲಗಿನ ಹರಿತ ಅಂಚು, ಮೇಲೆ ಬರುವಂತೆ ಹಿಡಿದು, ಅಲಗಿನ ಬೆನ್ನು ಮಾತ್ರ ಒರೆಗೆ ತಾಗುವ ಹಾಗೆ ಎಳೆಯಿರಿ. ಹಿಡಿಯನ್ನು ಅಲಗಿಗೆ ಕಟ್ಟಿಹಾಕಿರುವುದು ಮೆಕುಗಿ ಎಂಬ ಬಿದಿರಿನ ಗೂಟ. ಅದರ ಒಂದು ತುದಿ ಕಿರಿದು, ಆ ಕಡೆಯಿಂದಲೇ ತಳ್ಳಬೇಕು. ಗೂಟ ಬಂದ ಮೇಲೆ ಹಿಡಿಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಅಲಗನ್ನು ಓರೆಯಾಗಿ ನಿಲ್ಲಿಸಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿಗೆ ಮೆಲ್ಲಗೆ ಗುದ್ದಿದರೆ ಅಲಗು ಸಡಿಲವಾಗುತ್ತದೆ. ಕಬ್ಬಿಣದ ಸುತ್ತಿಗೆ ಹತ್ತಿರವೂ ಬೇಡ. ಅಲಗಿಗೆ ಬೆರಳು ತಾಗಿಸಬೇಡಿ, ಅದರ ಮೇಲೆ ಮಾತಾಡಲೂ ಬೇಡಿ: ಬೆವರು, ಎಂಜಲು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ.

ಈಗ ಆಕಾರ. ಮೊನೆಯಿಂದ ಬೆನ್ನಿನ ಬುಡದ ಕಚ್ಚಿನವರೆಗೆ ನೇರವಾಗಿ ಅಳೆಯಿರಿ. 60.6 ಸೆಂ.ಮೀ. ದಾಟಿದರೆ ಕಟಾನ ಅಥವಾ ತಾಚಿ (ಬಾಯಿ ಕೆಳಗೆ ಬರುವಂತೆ ಸೊಂಟಕ್ಕೆ ತೂಗಿಸುವ ಹಳೆಯ ಬಗೆ), 30.3ರಿಂದ 60.6ರವರೆಗೆ ವಾಕಿಜಾಶಿ, ಅದಕ್ಕಿಂತ ಚಿಕ್ಕದು ತಾಂತೊ. ಬಾಗು ಬುಡದ ಹತ್ತಿರವೇ ಆಳವಾಗಿದ್ದು ಮೊನೆ ಪುಟ್ಟದಾಗಿದ್ದರೆ ಹೇಯಾನ್ ಕೊನೆ ಅಥವಾ ಕಾಮಾಕುರ ಆರಂಭದ ಕಾಲ (12-13ನೇ ಶತಮಾನ) ಇರಬಹುದು. ಅಗಲ ಅಲಗು, ಉದ್ದ ಮೊನೆ 14ನೇ ಶತಮಾನದ ನಾನ್‌ಬೊಕುಚೊ ಕಾಲದ ಗುರುತು. 1660ರ ದಶಕದ ಖಡ್ಗಗಳಲ್ಲಿ ಬಾಗು ತೀರ ಕಡಿಮೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ನಕಾಗೊಗೆ, ಅಂದರೆ ಹಿಡಿಯೊಳಗೆ ಅಡಗಿರುವ ಬುಡಕ್ಕೆ. ಶತಮಾನಗಳ ತುಕ್ಕು ಕಡುಗಂದಾಗಿ, ನುಣುಪಾಗಿ ಕೂತಿರುತ್ತದೆ. ಕಿತ್ತಳೆ ಬಣ್ಣದ, ಉಜ್ಜಿದರೆ ಪುಡಿ ಬರುವ ತುಕ್ಕು ಕಂಡರೆ ಆಸಿಡ್ ಹಚ್ಚಿರುವ ಶಂಕೆ ಬರಬೇಕು. ನಕಾಗೊವನ್ನು ಎಂದೂ ಉಜ್ಜಿ ತೊಳೆಯಬಾರದು. ಹಾಗೆ ಮಾಡಿದವರು ಖಡ್ಗದ ಅರ್ಧ ಬೆಲೆಯ ಜೊತೆಗೆ ಅದರ ವಯಸ್ಸಿನ ಸಾಕ್ಷಿಯನ್ನೂ ಅಳಿಸಿದ್ದಾರೆ. ಅರ ಎಳೆದ ಗೆರೆಗಳ ದಿಕ್ಕು ನೋಡಿ, ಅದು ಕಮ್ಮಾರ ಪರಂಪರೆಗೆ ತಕ್ಕಂತೆ ಬದಲಾಗುತ್ತದೆ. ಗೂಟದ ತೂತು ಎರಡು ಮೂರಿದ್ದರೆ ಉದ್ದ ತಾಚಿಯನ್ನು ಬುಡದಿಂದ ಕತ್ತರಿಸಿ ಕಿರಿದು ಮಾಡಿರುವ ಸಾಧ್ಯತೆ ಹೆಚ್ಚು. ಹಾಗೆ ಕತ್ತರಿಸಿದಾಗ ಸಹಿಯೂ ಹೋಗುತ್ತಿತ್ತು. ಸಹಿಯಿಲ್ಲ ಎಂದ ಮಾತ್ರಕ್ಕೆ ಕೀಳು ಅಲ್ಲ.

ಅಲಗಿನ ಮೈ ನೋಡಲು ಟ್ಯೂಬ್‌ಲೈಟ್ ಸಾಲದು, ಒಂಟಿ ಬಲ್ಬ್ ಬೇಕು. ಅಲಗನ್ನು ಬಲ್ಬಿನತ್ತ ಚಾಚಿ, ಬೆಳಕಿನ ಚುಕ್ಕೆ ಬಾಯಿಯ ಉದ್ದಕ್ಕೂ ಜಾರುವಂತೆ ಓರೆ ಮಾಡಿ. ಮರದ ಎಳೆಯಂತಹ ನವಿರು ಕಾಣುತ್ತದೆ: ತಮಾಹಗಾನೆ ಉಕ್ಕನ್ನು ಕಾಯಿಸಿ, ಬಡಿದು, ಮಡಿಸಿದ ಗುರುತು. ಮಡಿಸಿದಾಗಲೆಲ್ಲ ಪದರ ಇಮ್ಮಡಿ. 15 ಸಲಕ್ಕೆ 32,768. ಬಾಯಿಯ ಬಳಿಯ ಬಿಳಿ ಅಲೆ ಹಾಮೊನ್. ಹದ ಹಾಕುವ ಮುನ್ನ ಜೇಡಿಮಣ್ಣು, ಇದ್ದಿಲು ಪುಡಿ, ಸಾಣೆಕಲ್ಲಿನ ಪುಡಿ ಕಲಸಿ, ಬೆನ್ನಿಗೆ ದಪ್ಪ, ಬಾಯಿಗೆ ತೆಳು ಬಳಿಯುತ್ತಾರೆ. ಕೆಂಪಗೆ ಕಾದ ಅಲಗು ನೀರಿಗೆ ಬಿದ್ದಾಗ ಬಾಯಿ ಥಟ್ಟನೆ ತಣಿದು ಗಡಸಾಗುತ್ತದೆ, ಬೆನ್ನು ನಿಧಾನ ತಣಿದು ಮೆತ್ತಗುಳಿಯುತ್ತದೆ. ಗಡಸಾದ ಬಾಯಿ ಹಿಗ್ಗುವುದರಿಂದ ಬಾಗು ಹೆಚ್ಚುತ್ತದೆ. ನಿಜವಾದ ಹಾಮೊನ್‌ನಲ್ಲಿ ಮಿನುಗುವ ಕಣಗಳೋ ಮಂಜಿನಂತಹ ಗೆರೆಯೋ ಇರುತ್ತದೆ. ಆಸಿಡ್‌ನಿಂದ ಬರೆದದ್ದು ಚಪ್ಪಟೆ ಬಿಳುಪು.

ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಬಿರುಕು ಇದ್ದರೆ ಅದು ಹಾಗಿರೆ. ಅದಕ್ಕೆ ಮದ್ದಿಲ್ಲ. ಬುಡದ ಕಚ್ಚಿನಿಂದ ಮಸುಕು ಪಟ್ಟಿಯೊಂದು ಓರೆಯಾಗಿ ಏರಿದ್ದರೆ, ಬೆಂಕಿಗೆ ಸಿಕ್ಕಿ ಮತ್ತೆ ಹದ ಹಾಕಿಸಿಕೊಂಡ ಅಲಗು ಎಂದು ಅನುಮಾನಿಸಿ. 1615ರಲ್ಲಿ ಒಸಾಕಾ ಕೋಟೆ ಸುಟ್ಟಾಗ ಹಾಳಾದ ಎಷ್ಟೋ ಖಡ್ಗಗಳಿಗೆ ಯಸುತ್ಸುಗು ಎಂಬ ಕಮ್ಮಾರ ಹೀಗೆ ಮರುಹದ ಕೊಟ್ಟ.

ಇನ್ನು ಸಹಿ. ಮೊನೆ ಮೇಲೆ, ಬಾಯಿ ಎಡಕ್ಕೆ ಬರುವಂತೆ ಹಿಡಿದಾಗ ಸಹಿ ಎದುರಿಗೆ ಕಂಡರೆ ಸಾಮಾನ್ಯವಾಗಿ ಕಟಾನ, ಬಾಯಿ ಬಲಕ್ಕಿದ್ದಾಗ ಕಂಡರೆ ತಾಚಿ. ಹೆಸರಾಂತ ಕಮ್ಮಾರ ಮಾಸಾಮುನೆ ಸಹಿ ಹಾಕಿದ್ದೇ ಅಪರೂಪ. ಉದ್ದ ಖಡ್ಗದಲ್ಲಿ ಅವನ ಹೆಸರಿದ್ದರೆ ಹಿಗ್ಗುವ ಬದಲು ಹುಷಾರಾಗಿ. ಒಸಾಫುನೆ ಊರಿನ ಸುಕೆಸಾದ ಎಂಬ ಹೆಸರಲ್ಲಿ ಹಲವು ಕಮ್ಮಾರರಿದ್ದರು. 15-16ನೇ ಶತಮಾನದ ಯುದ್ಧಕಾಲದ ರಾಶಿ ಉತ್ಪನ್ನದಲ್ಲೂ ಆ ಹೆಸರಿದೆ. ಯೊಸೊಜಾಯೆಮೊನ್ ನೊ ಜೊ ಎಂಬ ಸ್ವಂತ ಹೆಸರೂ ಸೇರಿದ್ದರೆ ಮಾತ್ರ ಬೇಡಿಕೆಯ ಮೇಲೆ ಮಾಡಿದ ಒಳ್ಳೆಯ ಕೆಲಸ ಎನ್ನಬಹುದು, ಅದೂ ಸಹಿ ಅಸಲಿಯಾಗಿದ್ದರೆ.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಶರಣಾದ ಜಪಾನಿ ಅಧಿಕಾರಿಗಳ ಖಡ್ಗಗಳು ಭಾರತೀಯ ಸೇನಾಧಿಕಾರಿಗಳಿಗೂ ದೊರೆತವು, ಕೊಡಗಿನ ಕೆ.ಎಸ್. ತಿಮ್ಮಯ್ಯ ಯುದ್ಧದ ನಂತರ ಜಪಾನಿನಲ್ಲೇ 268ನೇ ಬ್ರಿಗೇಡ್ ಮುನ್ನಡೆಸಿದ್ದರು. ಇಂಥ ಸೇನಾ ಹಿಡಿಯೊಳಗೆ ಯಂತ್ರದಲ್ಲಿ ಮಾಡಿದ ಅಲಗೂ ಇರಬಹುದು, ಮನೆತನದ ಹಳೆಯ ಅಲಗೂ ಇರಬಹುದು. ಅಲಗಿನ ಮೇಲೆ ಸರಣಿ ಸಂಖ್ಯೆ ಒತ್ತಿದ್ದರೆ ಅದು ಕಾರ್ಖಾನೆ ಮಾಲು. ನಕಾಗೊ ಮೇಲೆ ಚಿಕ್ಕ ಮುದ್ರೆಯಿದ್ದರೆ ಸಾಮಾನ್ಯವಾಗಿ ಯುದ್ಧಕಾಲದ ತಯಾರಿ.

ಕಾಗದಪತ್ರದಲ್ಲಿ ಎಡವುವವರು ಬಹಳ. ಜಪಾನ್ ಸರ್ಕಾರದ ತೊರೊಕುಶೊ ಬರೀ ನೋಂದಣಿ: ಉದ್ದ, ಬಾಗು, ತೂತುಗಳ ಸಂಖ್ಯೆ, ಸಹಿಯ ಅಕ್ಷರ ಅದರಲ್ಲಿರುತ್ತವೆ, ಸಹಿ ಅಸಲಿಯೆಂಬ ಖಾತರಿ ಇರುವುದಿಲ್ಲ. ಆ ತೀರ್ಪು ಕೊಡುವುದು 1948ರಲ್ಲಿ ಆರಂಭವಾದ ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘದಂತಹ ಸಂಸ್ಥೆಗಳು. ಅದರ ಶ್ರೇಣಿಗಳು ಕೆಳಗಿನಿಂದ ಮೇಲಕ್ಕೆ ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ. ಪತ್ರದಲ್ಲಿನ ಅಳತೆಯನ್ನು ಕೈಯಲ್ಲಿರುವ ಅಲಗಿಗೆ ಹೋಲಿಸಿಯೇ ನಂಬಿ. ಖಡ್ಗ ಜಪಾನ್ ಬಿಡುವಾಗ ತೊರೊಕುಶೊ ಅಲ್ಲಿಗೇ ಮರಳಿಸಿ ರಫ್ತು ಪರವಾನಗಿ ಪಡೆಯಬೇಕು. ಹೊರದೇಶದ ಮಾರಾಟಗಾರ ಮೂಲ ತೊರೊಕುಶೊ ತೋರಿಸಿದರೆ ಅದು ಹೇಗೆ ಉಳಿಯಿತು ಎಂದು ಕೇಳಿ.