30-40 ಸೈಟಿನ ಮನೆಮುಂದೆ ದೇವರ ಹೂವಿನ ತೋಟ ಮಾಡೋದು ಹೇಗೆ

ದೇವರ ಹೂವಿನ ತೋಟ ಮಾಡ್ಬೇಕು ಅಂತಿದ್ರೆ ನರ್ಸರಿಗೆ ಹೋಗೋಕೆ ಮುಂಚೆ ಗೋಡೆ ಮೇಲಿರೋ ಕ್ಯಾಲೆಂಡರ್ ಇಳಿಸಿ ಮುಂದಿಟ್ಕೊಳ್ಳಿ. ಯಾಕಂದ್ರೆ ನರ್ಸರಿಲಿ ಅವತ್ತು ಹೂ ಬಿಟ್ಟಿರೋ ಗಿಡಾನೇ ಕಣ್ಣಿಗೆ ಬೀಳೋದು, ಅದನ್ನೇ ಹತ್ತು ತಂದು ನೆಟ್ರೆ ಒಂದೆರಡು ತಿಂಗಳು ಭರ್ಜರಿ, ಆಮೇಲೆ ಗೌರಿ-ಗಣೇಶಕ್ಕೆ ಮತ್ತೆ ಮಾರ್ಕೆಟ್‌ಗೇ ಓಡ್ಬೇಕು. ನಿಮ್ಮನೇಲಿ ಯಾವ್ಯಾವ ಹಬ್ಬ ಮಾಡ್ತೀರಾ, ದಿನಾ ಪೂಜೆಗೆ ಎಷ್ಟು ಹೂ ಬೇಕು, ಬೆಳಿಗ್ಗೆ ಬಿಡಿಸೋರು ಯಾರು, ಇಷ್ಟನ್ನ ಮೊದಲು ಬರ್ಕೊಳ್ಳಿ. ನಾನು ಹೇಳ್ತಿರೋದು ಬೆಂಗಳೂರು-ಮೈಸೂರು ಕಡೆ ಲೆಕ್ಕ, ಮನೆಗೂ ಕಾಂಪೌಂಡಿಗೂ ಮಧ್ಯೆ ನಾಲ್ಕೈದು ಅಡಿ ಮಣ್ಣು ಇದ್ರೂ ಸಾಕು.

ಮೊದಲು ತುಳಸಿಕಟ್ಟೆ ಜಾಗ ಗೊತ್ತು ಮಾಡಿ, ಮಿಕ್ಕಿದ್ದೆಲ್ಲಾ ಅದರ ಸುತ್ತ ಬರತ್ತೆ. ವಾಸ್ತು ನೋಡೋರು ಈಶಾನ್ಯ ಅಂತಾರೆ, ನೋಡಿ ತಪ್ಪಿಲ್ಲ, ಆದ್ರೆ ಪಕ್ಕದ ಮನೆ ಮೂರು ಅಂತಸ್ತು ಎದ್ದು ಆ ಮೂಲೇಲಿ ಬಿಸಿಲೇ ಬೀಳ್ತಿಲ್ಲ ಅಂದ್ರೆ ತುಳಸಿ ಉಳಿಯಲ್ಲ, ಅದಕ್ಕೆ ಐದಾರು ಗಂಟೆ ಬಿಸಿಲು ಬೇಕು. ರೆಡಿಮೇಡ್ ಕಟ್ಟೆ ತರೋದಾದ್ರೆ ತಳದಲ್ಲಿ ನೀರು ಹೋಗೋ ತೂತು ಇದೆಯಾ ನೋಡಿ, ಇಲ್ದಿದ್ರೆ ಮಳೆಗಾಲದಲ್ಲಿ ಬೇರು ಕೊಳೆಯತ್ತೆ. ಕದಿರು ಬಂದಂಗೆ ಚಿವುಟ್ತಾ ಇರಿ. ಕಟ್ಟೆ ಸುತ್ತ ಪ್ರದಕ್ಷಿಣೆಗೆ, ರಂಗೋಲಿಗೆ ಜಾಗ ಬಿಡಿ, ಉತ್ಥಾನ ದ್ವಾದಶಿ ದಿನ ಬೆಟ್ಟದ ನೆಲ್ಲಿ ಕೊಂಬೆ ನೆಡೋಕೂ ಒಂಚೂರು ಮಣ್ಣು ಇರ್ಲಿ.

ದಿನಾ ಪೂಜೆಗೆ ಅಂದ್ರೆ ದಾಸವಾಳ, ನಂದಿಬಟ್ಟಲು, ಕನಕಾಂಬರ. ಈ ಮೂರಿದ್ರೆ ಹೂ ಇಲ್ಲ ಅನ್ನೋ ದಿನ ಕಮ್ಮಿ. ದಾಸವಾಳಕ್ಕೆ ಪೂರ್ತಿ ಬಿಸಿಲು ಕೊಡಿ, ಬಿಳಿ ಹಿಟ್ಟಿನಂಥ ಹುಳ ಕಂಡ್ರೆ ಮೊದಲು ನೀರನ್ನ ಜೋರಾಗಿ ಬಿಟ್ಟು ತೊಳೀರಿ, ಆಮೇಲೆ ಬೇವಿನೆಣ್ಣೆಗೆ ಒಂಚೂರು ಸೋಪಿನ ನೀರು ಸೇರಿಸಿ ಹೊಡೀರಿ. ಕನಕಾಂಬರಕ್ಕೆ ಅರೆನೆರಳೂ ನಡೆಯತ್ತೆ. ಅದರ ಪಕ್ಕ ಚೆಂಡುಹೂ ಹಾಕಿ, ಬೇರು ಗಂಟು ಮಾಡೋ ಜಂತುಹುಳನ ಚೆಂಡುಹೂವಿನ ಬೇರು ತಡೆಯತ್ತೆ, ದೀಪಾವಳಿಗೆ ಬಾಗಿಲಿಗೂ ಆಯ್ತು. ಹಾಗೇ ಒಂದು ಪಾಟಲ್ಲಿ ಮರುಗ, ಇನ್ನೊಂದ್ರಲ್ಲಿ ಪಚ್ಚೆತೆನೆ ಇಟ್ಕೊಳ್ಳಿ, ಕನಕಾಂಬರಕ್ಕೆ ವಾಸನೆ ಇಲ್ಲ ಅನ್ನೋ ಕೊರತೇನ ಮಾಲೆ ಕಟ್ಟುವಾಗ ಇವೇ ತುಂಬೋದು.

ಪಾರಿಜಾತ ಹಾಕೋರು ಗಿಡ ನೋಡೋದಲ್ಲ, ಗಿಡದ ಕೆಳಗಿನ ನೆಲ ನೋಡ್ಬೇಕು. ಸಂಜೆ ಅರಳಿ ಬೆಳಗಾಗೋದ್ರಲ್ಲಿ ಉದುರೋ ಹೂವು ಅದು, ನೆಲಕ್ಕೆ ಬಿದ್ದಿದ್ದನ್ನೂ ದೇವರಿಗೆ ಇಡ್ತಾರೆ, ಹಾಗಿರುವಾಗ ಕೆಳಗೆ ಚಪ್ಪಲಿ ಸ್ಟ್ಯಾಂಡೋ ಮೋರಿಯೋ ಇದ್ರೆ ಏನು ಪ್ರಯೋಜನ? ಹೂ ಬಿಡೋ ಕಾಲದಲ್ಲಿ ರಾತ್ರಿ ಒಂದು ಒಗೆದ ಹಳೇ ಪಂಚೆ ಹಾಸಿಟ್ರೆ ಬೆಳಿಗ್ಗೆ ಬಗ್ಗಿ ಒಂದೊಂದೇ ಆಯೋ ಕೆಲಸ ತಪ್ಪತ್ತೆ.

ಮಲ್ಲಿಗೇಲಿ ಉಡುಪಿ, ಮೈಸೂರು, ಹಡಗಲಿ ಮೂರಕ್ಕೂ ಜಿಐ ಟ್ಯಾಗ್ (ಆಯಾ ಊರಿನ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಇದೆ, ಆದ್ರೆ ಅದು ಆಯಾ ಊರಿನ ಮಣ್ಣು-ಹವೆಯ ಮಾತು, ನರ್ಸರಿಯವರು ಯಾವ ಹೆಸರು ಹೇಳಿ ಕೊಟ್ರೂ ಬಿಸಿಲಿರೋ ಕಡೆ ನೆಟ್ಟು ಡಿಸೆಂಬರ್-ಜನವರಿಲಿ ಧೈರ್ಯವಾಗಿ ಕತ್ತರಿಸಿ ಕೊಟ್ಟಿಗೆ ಗೊಬ್ಬರ ಕೊಡಿ, ಬೇಸಿಗೇಲಿ ಮೊಗ್ಗು ನೋಡಿ. ಕತ್ತರಿಸೋಕೆ ಮನಸ್ಸು ಬರಲ್ಲ ಅನ್ನೋರ ಮನೇಲಿ ಬರೀ ಬಳ್ಳಿ ಹಬ್ಬಿರತ್ತೆ.

ಸೇವಂತಿಗೇದು ಬೇರೆ ಕಥೆ. ರಾತ್ರಿ ಉದ್ದ ಆದಾಗ ಮೊಗ್ಗು ಕಟ್ಟೋ ಗಿಡ ಇದು, ಗೇಟ್ ಲೈಟೋ ಬೀದಿದೀಪವೋ ರಾತ್ರಿಯಿಡೀ ಮೇಲೆ ಬೀಳ್ತಿದ್ರೆ ಎಷ್ಟು ಗೊಬ್ಬರ ಸುರಿದ್ರೂ ಎಲೆ ಬಿಟ್ಕೊಂಡೇ ನಿಂತಿರತ್ತೆ. ಪಾಟಲ್ಲಿಟ್ಟು ಮನೆ ಹಿಂದೆ ಕತ್ತಲಿರೋ ಕಡೆ ಇಡಿ, ಹೂ ಬಂದ್ಮೇಲೆ ಮುಂದಕ್ಕೆ ತನ್ನಿ.

ಗಣೇಶನಿಗೆ ಗರಿಕೆ ಬೇಕೇ ಬೇಕು, ಅಗಲವಾದ ಟ್ರೇನಲ್ಲೇ ಬೆಳೆಸಿ, ನೆಲಕ್ಕೆ ಬಿಟ್ರೆ ಎಲ್ಲಾ ಕಡೆ ನುಗ್ಗತ್ತೆ. ತುಂಬೆ ತಾನಾಗೇ ಎದ್ರೆ ಕಳೆ ಅಂತ ಕೀಳ್ಬೇಡಿ, ಶಿವನಿಗೆ ಪ್ರೀತಿ. ಬಿಲ್ವ ಮುಳ್ಳಿನ ಮರ, ದೊಡ್ಡದಾಗತ್ತೆ, ಇಷ್ಟು ಜಾಗಕ್ಕೆ ಬೇಡ. ಕಣಗಿಲೆ ನೋಡೋಕೆ ಚೆನ್ನ, ಆದ್ರೆ ಎಲೆ, ಕಾಂಡ, ಹೂ ಎಲ್ಲಾ ವಿಷ, ಚಿಕ್ಕ ಮಕ್ಕಳೋ ಹಸುನೋ ಇರೋ ಮನೇಲಿ ಹಾಕ್ಲೇಬೇಡಿ.

ಇನ್ನು ಬೆಳಿಗ್ಗೆ ಐದೂವರೆಗೆ ವಾಕಿಂಗ್ ನೆಪದಲ್ಲಿ ಕವರ್ ಹಿಡ್ಕೊಂಡು ಬರೋ ಹೂಗಳ್ಳರು, ಇವರನ್ನ ಪ್ಲ್ಯಾನ್‌ಗೆ ಸೇರಿಸದೆ ತೋಟ ಮಾಡೋಕೇ ಆಗಲ್ಲ! ಬೋರ್ಡ್ ಹಾಕಿದ್ರೆ ಬೋರ್ಡ್ ಓದಿ ಕಿತ್ಕೊಂಡು ಹೋಗ್ತಾರೆ. ಕಾಂಪೌಂಡಿಗೆ ಅಂಟಿ ಒಂದು ನಂದಿಬಟ್ಟಲು ನೆಟ್ಟು ಅದನ್ನ ಊರಿನ ಪಾಲು ಅಂತ ಬಿಟ್ಬಿಡಿ, ನಿಮ್ಮ ದಾಸವಾಳನ ಗೇಟಿಂದ ಕೈಗೆ ಎಟುಕದಷ್ಟು ಒಳಗೆ, ಎದೆಮಟ್ಟಕ್ಕೇ ಸವರಿ ಇಟ್ಕೊಳ್ಳಿ, ಮನೇಲಿರೋ ಅಜ್ಜಿಗೂ ಕೊಕ್ಕೆ ಕೋಲಿಲ್ದೆ ಬಿಡಿಸೋಕೆ ಆಗತ್ತೆ.